ಮೂಲೆ ಸೇರಿದ ಗಾರ್ಡ್: ಕೀ ಕ್ಲಚ್ ಪ್ರೆಸ್ಸೊಂದರ ಪ್ರಕರಣ ಅಧ್ಯಯನ

ಲೋಹದ ತಗಡನ್ನು ಒತ್ತಿ ಬಗ್ಗಿಸುವ ಪ್ರೆಸ್ಸಿನ ಹಿಂದಿನ ಗೋಡೆಗೆ ಒರಗಿಸಿಟ್ಟ, ಕೈ ಯಂತ್ರದೊಳಗೆ ಹೋಗದಂತೆ ತಡೆಯಬೇಕಾದ ಒಂದು ಕಬ್ಬಿಣದ ಗಾರ್ಡ್. ಹಳದಿ ಬಣ್ಣ ಇನ್ನೂ ಮಾಸಿಲ್ಲ. ನಾಲ್ಕು ಬೋಲ್ಟ್ ತೂತುಗಳ ಸುತ್ತ ಮಾತ್ರ ಬಣ್ಣ ಕಿತ್ತು ಬಂದಿದೆ: ಹಾಕಿದ್ದಾರೆ, ಬಿಚ್ಚಿದ್ದಾರೆ, ಮತ್ತೆ ಹಾಕಿದ್ದಾರೆ, ಮತ್ತೆ ಬಿಚ್ಚಿದ್ದಾರೆ. ಗಾರ್ಡ್ ಇಲ್ಲದ ಕಾರ್ಖಾನೆಗಿಂತ ಗಾರ್ಡ್ ಇದ್ದೂ ಬಿಚ್ಚಿಟ್ಟ ಕಾರ್ಖಾನೆ ಹೆಚ್ಚು ಕಲಿಸುತ್ತದೆ. ಅಲ್ಲಿ ನಿಯಮ ಗೊತ್ತಿಲ್ಲ ಎಂದಲ್ಲ, ದುಡ್ಡು ಖರ್ಚು ಮಾಡಿಲ್ಲ ಎಂದೂ ಅಲ್ಲ. ನಿಯಮ ಶೆಡ್ಡಿನೊಳಕ್ಕೆ ಬಂತು, ಕೆಲಸದೊಳಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ಈ ಅಧ್ಯಯನದ ವಿಷಯ.

ಯಂತ್ರ 30 ಟನ್ನಿನ ಸಿ-ಫ್ರೇಮ್ (ಸಿ ಆಕಾರದ ಚೌಕಟ್ಟಿನ) ಪವರ್ ಪ್ರೆಸ್. ಕೀ ಕ್ಲಚ್, ಕಾಲ್ಪೆಡಲ್, 3 ಎಚ್‌ಪಿ ಮೋಟರ್, ನಿಮಿಷಕ್ಕೆ 60 ಸ್ಟ್ರೋಕ್, ಸ್ಟ್ರೋಕಿನ ಉದ್ದ 75 ಮಿ.ಮೀ. ಏರಿಳಿಯುವ ಭಾಗ ರಾಮ್, ಅದರ ಕೆಳತುದಿಯ ಅಚ್ಚು ಪಂಚು, ಕೆಳಗೆ ಕೂತಿರುವ ಅಚ್ಚು ಡೈ; ರಾಮ್ ಒಮ್ಮೆ ಇಳಿದು ಏರಿದರೆ ಒಂದು ಸ್ಟ್ರೋಕ್. ಕೆಲಸ: ಮೊದಲೇ ಕತ್ತರಿಸಿಟ್ಟ 80 × 25 ಮಿ.ಮೀ. ಅಳತೆಯ, 1.6 ಮಿ.ಮೀ. ದಪ್ಪದ ಶೀಟ್ ತುಂಡನ್ನು ಯು ಆಕಾರಕ್ಕೆ ಬಗ್ಗಿಸುವುದು. ಪೈಪ್ ಹಿಡಿಯುವ ಕ್ಲ್ಯಾಂಪ್ ಇದು. ಶಿಫ್ಟಿಗೆ 4,000 ಪೀಸಿನ ಗುರಿ, ಅದರ ಮೇಲೆ ಮಾಡಿದ್ದಕ್ಕೆ ಪೀಸ್ ರೇಟ್. ಶೆಡ್ಡಿನಲ್ಲಿ ಒಟ್ಟು 14 ಜನ.

ಇದು ಒಂದು ನಿರ್ದಿಷ್ಟ ಕಂಪನಿಯ ವರದಿಯಲ್ಲ. ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಪ್ರೆಸ್ ಶಾಪಿನಲ್ಲಿ ಒಟ್ಟಿಗೆ ಸಿಗುವ ಯಂತ್ರ, ಡೈ ಮತ್ತು ದುಡಿಮೆಯ ಕ್ರಮವನ್ನು ಒಂದೆಡೆ ಇಟ್ಟು ಕಟ್ಟಿದ ಮಾದರಿ ಪ್ರಕರಣ. ಲೆಕ್ಕಗಳಲ್ಲಿ ನಿಮ್ಮ ಯಂತ್ರದ ಅಂಕಿ ಹಾಕಿ ನೋಡಬಹುದು.

ಕೈ ಎಷ್ಟು ಸಲ ಒಳಗೆ ಹೋಗುತ್ತದೆ

ಊಟ, ಟೀ, ಡೈ ಒರೆಸುವುದು, ಬಿನ್ ಬದಲಾಯಿಸುವುದು ಕಳೆದರೆ 8 ಗಂಟೆಯಲ್ಲಿ ಕೈಗೆ ಸಿಗುವುದು ಸುಮಾರು 7 ಗಂಟೆ, ಅಂದರೆ 25,200 ಸೆಕೆಂಡ್. 4,000ದಿಂದ ಭಾಗಿಸಿದರೆ ಪೀಸಿಗೆ 6.3 ಸೆಕೆಂಡ್. ಅದರಲ್ಲಿ ಒಂದು ಸೆಕೆಂಡ್ ಸ್ಟ್ರೋಕಿಗೆ ಹೋಯಿತು. ಉಳಿದ 5.3 ಸೆಕೆಂಡಿನಲ್ಲಿ ಆಪರೇಟರ್ ಎಡಗೈಯಿಂದ ತುಂಡು ಎತ್ತಿಕೊಳ್ಳಬೇಕು, ಡೈ ಮೇಲಿನ ಲೊಕೇಟಿಂಗ್ ಪಿನ್ನುಗಳ ನಡುವೆ ಕೂರಿಸಬೇಕು, ಕೈ ತೆಗೆಯಬೇಕು, ಪೆಡಲ್ ತುಳಿಯಬೇಕು, ಬಗ್ಗಿದ ಪೀಸನ್ನು ಬಲಗೈಯಿಂದ ಕಿತ್ತು ಬಿನ್ನಿಗೆ ಹಾಕಬೇಕು. ಪೀಸಿಗೆ ಎರಡು ಸಲ ಕೈ ಪಂಚಿನ ಕೆಳಗೆ ಹೋಗುತ್ತದೆ. ಶಿಫ್ಟಿಗೆ 8,000 ಸಲ. ತಿಂಗಳಿಗೆ 25 ದಿನ ಹಿಡಿದರೆ 2 ಲಕ್ಷ ಸಲ.

‘ಹುಷಾರಾಗಿ ಕೆಲಸ ಮಾಡಿ’ ಎಂಬ ಬೋರ್ಡು ಈ 2 ಲಕ್ಷದ ಎದುರು ನಿಲ್ಲುವುದಿಲ್ಲ. 99,999 ಸಲ ಸರಿ ಮಾಡಿ ಒಂದೇ ಸಲ ತಪ್ಪುವ ಮನುಷ್ಯನೂ ಈ ಯಂತ್ರದ ಮುಂದೆ ತಿಂಗಳಿಗೆ ಎರಡು ಸಲ ತಪ್ಪುತ್ತಾನೆ. ಆದ್ದರಿಂದ ಎಚ್ಚರ ಸಾಲದು ಎಂಬುದು ನೈತಿಕ ಮಾತಲ್ಲ, ಗುಣಾಕಾರ.

ಕೀ ಕ್ಲಚ್ಚಿನ ಸ್ವಭಾವ

ಇದನ್ನು ತಿಳಿಯದೆ ಹಾಕಿದ ಯಾವ ಸುರಕ್ಷಾ ಸಾಧನವೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೋಟರ್ ತಿರುಗಿಸುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಸದಾ ತಿರುಗುತ್ತಿರುತ್ತದೆ; ರಾಮನ್ನು ಏರಿಸಿ ಇಳಿಸುವ ಕ್ರ್ಯಾಂಕ್ ಶಾಫ್ಟ್ ನಿಂತಿರುತ್ತದೆ. ಶಾಫ್ಟಿನ ತೋಡಿನಲ್ಲಿ ಅರ್ಧಚಂದ್ರದಂಥ ಒಂದು ಕೀ ಮಲಗಿರುತ್ತದೆ, ಅದನ್ನು ಲ್ಯಾಚ್ ತಡೆದು ಹಿಡಿದಿರುತ್ತದೆ. ಪೆಡಲ್ ತುಳಿದಾಗ ರಾಡು ಲ್ಯಾಚನ್ನು ಎಳೆಯುತ್ತದೆ. ಕೀ ಹೊರಳಿ ಫ್ಲೈವೀಲಿನ ಒಳಬದಿಯ ತೋಡಿಗೆ ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿತೆಂದರೆ ಒಂದು ಸುತ್ತು ಪೂರ್ತಿ ಮುಗಿಯುವ ತನಕ ಬಿಡುವುದಿಲ್ಲ. ನಡುವೆ ಪೆಡಲಿನಿಂದ ಕಾಲು ತೆಗೆದರೂ, ಸ್ವಿಚ್ ಆರಿಸಿದರೂ, ಕರೆಂಟೇ ಹೋದರೂ ರಾಮ್ ಕೆಳಗೆ ಬಂದೇ ಬರುತ್ತದೆ, ಫ್ಲೈವೀಲಿನಲ್ಲಿ ಅಷ್ಟು ಬಲ ತುಂಬಿರುತ್ತದೆ. ಸುತ್ತು ಮುಗಿದಾಗ ಲ್ಯಾಚ್ ಮತ್ತೆ ಎದ್ದು ಕೀಯನ್ನು ಹಿಂದಕ್ಕೆ ಹೊರಳಿಸಬೇಕು, ಬ್ಯಾಂಡ್ ಬ್ರೇಕ್ ಶಾಫ್ಟನ್ನು ಮೇಲಿನ ತುದಿಯಲ್ಲಿ ನಿಲ್ಲಿಸಬೇಕು.

ಈ ಕೊನೆಯ ಎರಡು ‘ಬೇಕು’ಗಳಲ್ಲೇ ಅಪಾಯ ಇದೆ. ಲ್ಯಾಚಿನ ಸ್ಪ್ರಿಂಗ್ ಮುರಿದರೆ ಲ್ಯಾಚ್ ಏಳುವುದಿಲ್ಲ, ಕೀ ಕಚ್ಚಿಕೊಂಡೇ ಇರುತ್ತದೆ, ರಾಮ್ ತುಳಿಯದೆಯೇ ಇನ್ನೊಮ್ಮೆ ಇಳಿಯುತ್ತದೆ. ಕೀಯ ಅಂಚು ಸವೆದು ದುಂಡಗಾದರೂ, ಬ್ರೇಕ್ ಲೈನಿಂಗಿಗೆ ಎಣ್ಣೆ ಹಿಡಿದು ಶಾಫ್ಟ್ ತುದಿ ದಾಟಿ ಜಾರಿದರೂ ಇದೇ ಆಗುತ್ತದೆ. ಶಾಪಿನ ಭಾಷೆಯಲ್ಲಿ ‘ಡಬಲ್ ಹೊಡೀತು’. ಮೊದಲ ಸ್ಟ್ರೋಕ್ ಆದ ಕೂಡಲೇ ಪೀಸ್ ಕೀಳಲು ಬಲಗೈ ಒಳಗೆ ಹೋಗಿರುತ್ತದೆ, ಹಾಗಾಗಿ ಎರಡನೇ ಹೊಡೆತ ಬೀಳುವುದು ಬೆರಳಿನ ಮೇಲೆ. ಆಪರೇಟರ್ ಇಲ್ಲಿ ಯಾವ ತಪ್ಪನ್ನೂ ಮಾಡಿಲ್ಲ. ತನಿಖೆಯ ಹಾಳೆಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆಯುವ ಮುನ್ನ ಲ್ಯಾಚ್ ಸ್ಪ್ರಿಂಗನ್ನು ಬಿಚ್ಚಿ ನೋಡುವುದು ಕನಿಷ್ಠ ಮರ್ಯಾದೆ.

ಸ್ಪ್ರಿಂಗ್ ವಿಷಯದಲ್ಲಿ ಒಂದು ಸಣ್ಣ ಆದರೆ ದೊಡ್ಡ ವ್ಯತ್ಯಾಸ ಮಾಡುವ ಮಾತು. ಎಳೆಯುವ ಸ್ಪ್ರಿಂಗ್ ಹಾಕಿದ್ದರೆ ಅದು ತುಂಡಾದ ಕ್ಷಣ ಬಲ ಸೊನ್ನೆ. ಅದರ ಬದಲು ಒತ್ತುವ ಸ್ಪ್ರಿಂಗನ್ನು ರಾಡಿನ ಮೇಲೆ ಅಥವಾ ಕೊಳವೆಯೊಳಗೆ ಕೂರಿಸಿ, ಸುರುಳಿಗಳ ನಡುವಿನ ಸಂದು ತಂತಿಯ ದಪ್ಪಕ್ಕಿಂತ ಕಡಿಮೆ ಇರುವಂತೆ ಆರಿಸಿದರೆ, ಮುರಿದ ತುಂಡು ಪಕ್ಕದ ಸುರುಳಿಯೊಳಗೆ ನುಗ್ಗಲಾರದು. ಬಲ ಸ್ವಲ್ಪ ಕುಗ್ಗುತ್ತದೆ, ಲ್ಯಾಚ್ ಏಳುತ್ತದೆ. ಇಷ್ಟಕ್ಕೆ ಹೊಸ ಯಂತ್ರ ಬೇಕಾಗಿಲ್ಲ.

ಕಾನೂನು ಹೇಳುವುದು

1948ರ ಕಾರ್ಖಾನೆ ಕಾಯ್ದೆಯ (2025ರ ನವೆಂಬರ್ 21ರಿಂದ ಇದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಆ ಮಾತು ಕೊನೆಯಲ್ಲಿ) 21ನೇ ಕಲಮು ಯಂತ್ರದ ಪ್ರತಿ ಅಪಾಯಕಾರಿ ಭಾಗಕ್ಕೂ ಗಟ್ಟಿಮುಟ್ಟಾದ ಬೇಲಿ ಇರಬೇಕು, ಭಾಗ ಚಲಿಸುತ್ತಿರುವಾಗ ಅದು ಸ್ಥಳದಲ್ಲೇ ಇರಬೇಕು ಎನ್ನುತ್ತಿತ್ತು. 1987ರ ತಿದ್ದುಪಡಿಯಲ್ಲಿ ಸೇರಿದ 7ಎ ಕಲಮಿನ ಸಾಮಾನ್ಯ ಹೊಣೆಗೆ ‘ಕಾರ್ಯಸಾಧ್ಯವಾದಷ್ಟರ ಮಟ್ಟಿಗೆ’ ಎಂಬ ವಿನಾಯಿತಿಯ ಮಾತಿತ್ತು. 21ರ ಬೇಲಿಯ ಹೊಣೆಗೆ ಆ ಮಾತಿರಲಿಲ್ಲ. ನಮ್ಮ ಕಾಯ್ದೆಯ ಬೇರು ಇರುವುದು ಇಂಗ್ಲೆಂಡಿನ ಕಾರ್ಖಾನೆ ಕಾನೂನಿನಲ್ಲಿ. ಅಲ್ಲಿ 1955ರಲ್ಲಿ ಜಾನ್ ಸಮ್ಮರ್ಸ್ ವಿರುದ್ಧ ಫ್ರಾಸ್ಟ್ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಸಾಣೆಕಲ್ಲಿನ ಚಕ್ರಕ್ಕೆ ಸಿಕ್ಕಿ ಕಾರ್ಮಿಕನ ಹೆಬ್ಬೆರಳಿಗೆ ಗಾಯವಾಗಿತ್ತು. ಪೂರ್ತಿ ಮುಚ್ಚಿದರೆ ಸಾಣೆ ಹಿಡಿಯುವುದೇ ಆಗದು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಯಂತ್ರ ಬಳಸಲು ಬಾರದಂತಾದರೂ ಬೇಲಿಯ ಹೊಣೆ ಹೊಣೆಯೇ ಎಂದಿತು.

ಮಾಲೀಕರ ಸಿಟ್ಟು ಹುಟ್ಟುವುದು ಇಲ್ಲೇ. ‘ಗಾರ್ಡ್ ಹಾಕಿದರೆ ಪ್ರೆಸ್ ಓಡಲ್ಲ, ತೆಗೆದರೆ ಕಾನೂನು ಬಿಡಲ್ಲ.’ ಆದರೆ ಅದೇ 21ನೇ ಕಲಮಿನಲ್ಲಿ, ಕಣ್ಣು ಜಾರಿಸಿಬಿಡುವ ಒಂದು ಷರತ್ತಿತ್ತು: ಬೇಲಿ ಹಾಕಿದಷ್ಟೇ ಸುರಕ್ಷಿತವಾಗುವಂಥ ಸ್ಥಾನದಲ್ಲಿ ಅಥವಾ ರಚನೆಯಲ್ಲಿ ಆ ಭಾಗ ಇದ್ದರೆ ಬೇಲಿ ಬೇಕಿಲ್ಲ. ‘ರಚನೆ’ ಎಂಬ ಆ ಒಂದು ಪದದಲ್ಲಿ ದಾರಿಯಿದೆ. ಪ್ರೆಸ್ಸಿನ ಅಪಾಯಕಾರಿ ಭಾಗ ಡೈ ಮತ್ತು ಪಂಚು. ಅವನ್ನು ರಚಿಸುವವರು ಟೂಲ್ ರೂಮಿನವರು. ಗಾರ್ಡಿನ ಮಾತು ಶುರುವಾಗಬೇಕಾದ್ದು ಅಲ್ಲಿ. ಈ ಶೆಡ್ಡಿನಲ್ಲಿ ಶುರುವಾದದ್ದು ವೆಲ್ಡಿಂಗ್ ಅಂಗಡಿಯಲ್ಲಿ.

ಮೊದಲ ಯತ್ನ: ಯಂತ್ರಕ್ಕೆ ಹೊಲಿದ ಗಾರ್ಡ್

ಫ್ರೇಮಿಗೆ ನಾಲ್ಕು ಬೋಲ್ಟ್, ಮುಂದೆ ಜಾಲರಿ. ಜಾಲರಿಗೆ ಹಳದಿ ಬಣ್ಣ. ತಪಾಸಣೆಗೆ ಬಂದವರಿಗೆ ದೂರದಿಂದಲೇ ಕಾಣುತ್ತದೆ. ಆದರೆ ಕೈಯಿಂದ ತುಂಡು ಇಡಲು ಕೆಳಗೆ 90 ಮಿ.ಮೀ. ಸಂದು ಬಿಟ್ಟಿದ್ದಾರೆ. ಕೈ ಹೋಗುವ ಸಂದಿದ್ದ ಮೇಲೆ ಅದು ಗಾರ್ಡ್ ಅಲ್ಲ. ಬೆರಳಿನ ಲೆಕ್ಕ ಸುರಕ್ಷಿತ ಅಂತರದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 13857ರಲ್ಲಿ ಸ್ಪಷ್ಟವಾಗಿದೆ: ಸೀಳಿನ ಎತ್ತರ 6 ಮಿ.ಮೀ. ತನಕ ಇದ್ದರೆ ಅಪಾಯದ ಜಾಗ 10 ಮಿ.ಮೀ. ಹಿಂದಿದ್ದರೆ ಸಾಕು, 8 ಮಿ.ಮೀ. ತನಕ ಆದರೆ 20. 10 ತನಕ ಆದರೆ 80. 12 ತನಕ ಆದರೆ 100. 20 ತನಕ ಆದರೆ 120. ಅದರ ಮೇಲೆ ತೋಳೇ ಒಳಗೆ ಹೋಗುತ್ತದೆ, ದೂರ 850ಕ್ಕೆ ಹಾರುತ್ತದೆ.

ಇನ್ನೂ ಎರಡು ತೊಂದರೆ. ಹಳದಿ ಜಾಲರಿಯ ಮೇಲೆ ಟ್ಯೂಬ್‌ಲೈಟ್ ಬಿದ್ದು ಕಣ್ಣು ಕುಕ್ಕುತ್ತದೆ, ಹಿಂದಿನ ಡೈ ಕಾಣುವುದಿಲ್ಲ. ಕಾಣದ ಕಡೆ ಮನುಷ್ಯ ಬಗ್ಗಿ ಇಣುಕುತ್ತಾನೆ, ಕತ್ತು ನೋಯುತ್ತದೆ, ಸಂಜೆಯೊಳಗೆ ಗಾರ್ಡ್ ಗೋಡೆಗೆ. ಜೊತೆಗೆ ಜಾಮ್. ಬ್ಲ್ಯಾಂಕಿನ (ಕತ್ತರಿಸಿಟ್ಟ ತುಂಡಿನ) ಅಂಚಿಗೆ ಬರ್, ಅಂದರೆ ಕತ್ತರಿಸುವಾಗ ಎದ್ದ ಮುಳ್ಳು, ಇದ್ದರೆ ಪೀಸ್ ಡೈಯಲ್ಲಿ ಕಚ್ಚುತ್ತದೆ. ಶಿಫ್ಟಿಗೆ 10 ಸಲ ಜಾಮ್, ಪ್ರತಿ ಸಲ ನಾಲ್ಕು ಬೋಲ್ಟ್ ಬಿಚ್ಚಿ ಹಾಕಲು 4 ನಿಮಿಷ ಎಂದರೆ 40 ನಿಮಿಷ ಹೋಯಿತು. ಪೀಸಿಗೆ 6.3 ಸೆಕೆಂಡಿನಂತೆ 380 ಪೀಸು. ಪೀಸ್ ರೇಟಿನಲ್ಲಿ ದುಡಿಯುವವನಿಗೆ ಅದು ಸ್ವಂತ ಜೇಬಿನ ನಷ್ಟ. ಡೈ ಹೊಂದಿಸುವ ಸೆಟ್ಟರ್ ಬಂದು ಕೇಳುತ್ತಾರೆ, “ಏನಪ್ಪಾ, ಗಾರ್ಡ್ ಎಲ್ಲಿ?” ಹುಡುಗ ತಲೆ ಎತ್ತದೆ ಹೇಳುತ್ತಾನೆ, “ಅದು ಇದ್ರೆ ನಂಬರ್ ಬರಲ್ಲ ಅಣ್ಣ.” ಸೆಟ್ಟರ್ ಮುಂದಿನ ಯಂತ್ರಕ್ಕೆ ಹೋಗುತ್ತಾರೆ. ಅವರ ತಲೆಯ ಮೇಲೂ ಅದೇ ನಂಬರ್ ಇದೆ.

ಸುರಕ್ಷಾ ಸಾಧನವನ್ನು ಬೇಕೆಂದೇ ತೆಗೆಯಬಾರದು ಎಂದು ಅದೇ 1948ರ ಕಾಯ್ದೆಯ 111ನೇ ಕಲಮು ಕಾರ್ಮಿಕನಿಗೂ ಹೇಳುತ್ತಿತ್ತು, ನಿಜ. ಆದರೆ ಗಾರ್ಡ್ ಹಾಕಿದರೆ ಮುಟ್ಟಲಾಗದ ಗುರಿಯನ್ನು ಕೊಟ್ಟವರು ಆ ಕಲಮನ್ನು ಎತ್ತಿ ತೋರಿಸುವುದು ನ್ಯಾಯವಲ್ಲ.

ಎರಡನೇ ಯತ್ನ: ಎರಡು ಕೈಯ ಬಟನ್

ಪೆಡಲ್ ತೆಗೆದು, ಏರ್ ಸಿಲಿಂಡರಿನಿಂದ ಲ್ಯಾಚ್ ಎಳೆಯುವಂತೆ ಮಾಡಿ, ಡೈಯಿಂದ 300 ಮಿ.ಮೀ. ದೂರದಲ್ಲಿ ಎರಡು ಬಟನ್ ಕೂರಿಸಿದರು. ಎರಡೂ ಕೈ ಬಟನ್ ಮೇಲಿದ್ದರೆ ಡೈಯಲ್ಲಿ ಕೈ ಇರಲಾರದು ಎಂಬ ತರ್ಕ. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ.

ಫ್ಲೈವೀಲಿನಲ್ಲಿ ಕೀ ಕಚ್ಚುವ ತೋಡು ಒಂದೇ ಇದ್ದು, ತೋಡು ಆಗಷ್ಟೇ ದಾಟಿ ಹೋದ ಕ್ಷಣದಲ್ಲಿ ಬಟನ್ ಒತ್ತಿದಿರಿ ಎನ್ನಿ. ಅದು ಮತ್ತೆ ಸುತ್ತಿ ಬರಲು ಒಂದು ಸೆಕೆಂಡ್. ಕಚ್ಚಿದ ಮೇಲೆ ಡೈ ಮುಚ್ಚಲು ಅರ್ಧ ಸುತ್ತು, 0.5 ಸೆಕೆಂಡ್. ಒಟ್ಟು 1.5 ಸೆಕೆಂಡ್. ಈ ಹೊತ್ತಿನಲ್ಲಿ ಆಪರೇಟರ್ ಬಟನ್ ಬಿಟ್ಟು, ಓರೆಯಾದ ತುಂಡನ್ನು ಸರಿಮಾಡಲು ಕೈ ಚಾಚಬಹುದು. ಕೈಯ ವೇಗವನ್ನು ಸೆಕೆಂಡಿಗೆ 1,600 ಮಿ.ಮೀ. ಎಂದು ಹಿಡಿಯುವುದು ರೂಢಿ. 1.5 × 1,600 = 2,400 ಮಿ.ಮೀ. ಬಟನ್ ಡೈಯಿಂದ 2.4 ಮೀಟರ್ ದೂರ ಇರಬೇಕು! ಮೂರು ತೋಡಿನ ಫ್ಲೈವೀಲಾದರೂ ಕಾಯುವ ಹೊತ್ತು ಮೂರನೇ ಒಂದು ಸೆಕೆಂಡಿಗೆ ಇಳಿದು ದೂರ ಸುಮಾರು 1,330 ಮಿ.ಮೀ. ಆಗುತ್ತದೆ. 300 ಮಿ.ಮೀ. ದೂರದ ಬಟನ್ ಕಾಯುವುದು ಬಟನ್ ಒತ್ತುವ ಕ್ಷಣವನ್ನು ಮಾತ್ರ, ಬೆರಳನ್ನಲ್ಲ. ‘ಡಬಲ್ ಹೊಡೆತ’ದ ಎದುರು ಅದು ಏನನ್ನೂ ಮಾಡದು.

ಒಂದು ಬಟನ್ನನ್ನು ಟೇಪ್ ಸುತ್ತಿಯೋ ಮರದ ಚೂರು ತುರುಕಿಯೋ ಸದಾ ಒತ್ತಿದಂತೆ ಇಡುವುದು ಇನ್ನೊಂದು ರೋಗ. ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ, ಪ್ರತಿ ಸ್ಟ್ರೋಕಿಗೂ ಎರಡನ್ನೂ ಬಿಟ್ಟು ಒತ್ತಿದರೆ ಮಾತ್ರ ಒಪ್ಪುವ ರಿಲೇ ಹಾಕಿದರೆ ಅದು ನಿಲ್ಲುತ್ತದೆ.

ಮೂರನೇ ಯತ್ನ: ಸೆನ್ಸರ್

ಪೀಸು ಮಾಡಿಸುವ ದೊಡ್ಡ ಕಂಪನಿಯ ಆಡಿಟ್‌ನವರು ‘ಪ್ರೆಸ್ಸಿಗೆ ಸೆನ್ಸರ್ ಇದೆಯೇ’ ಎಂಬ ಕಾಲಮಿಗೆ ಟಿಕ್ ಕೇಳುತ್ತಾರೆ. ಲೈಟ್ ಕರ್ಟನ್ ಬಂತು. ಬೆಳಕಿನ ಪರದೆಗೆ ಕೈ ಅಡ್ಡ ಬಂದರೆ ಯಂತ್ರ ನಿಲ್ಲಬೇಕು. ಕೀ ಕ್ಲಚ್ ಪ್ರೆಸ್ ನಡುವೆ ನಿಲ್ಲುವುದೇ ಇಲ್ಲ ಎಂದು ಆಗಲೇ ನೋಡಿದೆವು. ಸೆನ್ಸರ್ ಸಿಗ್ನಲ್ ಕೊಡುತ್ತದೆ, ಮೋಟರ್ ಆಫ್ ಆಗುತ್ತದೆ, ರಾಮ್ ಇಳಿಯುತ್ತದೆ. ಇದನ್ನು ಇಲ್ಲದ ಗಾರ್ಡಿಗಿಂತ ಕೆಟ್ಟದ್ದು ಎನ್ನಲು ಕಾರಣವಿದೆ: ಕೆಂಪು-ಹಸಿರು ದೀಪ ನೋಡಿ ಆಪರೇಟರ್ ಅದನ್ನು ನಂಬುತ್ತಾನೆ, ಕೈ ಇನ್ನಷ್ಟು ಧೈರ್ಯವಾಗಿ ಒಳಗೆ ಹೋಗುತ್ತದೆ.

ಲೈಟ್ ಕರ್ಟನ್ ಒಳ್ಳೆಯ ಸಾಧನವೇ, ಅದರ ಜಾಗ ಗಾಳಿಯ ಒತ್ತಡದ, ಸುತ್ತಿನ ನಡುವೆಯೂ ಬಿಡಿಸಿ ನಿಲ್ಲಿಸಬಹುದಾದ ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್ಸು. ಅಲ್ಲೂ ದೂರದ ಲೆಕ್ಕವಿದೆ. 14 ಮಿ.ಮೀ. ಬೆರಳನ್ನು ಗುರುತಿಸುವ ಕರ್ಟನ್, ಪೂರ್ತಿ ನಿಲ್ಲಲು 0.2 ಸೆಕೆಂಡ್ ಬೇಕಾದ ಯಂತ್ರ ಎಂದರೆ (ಕರ್ಟನ್ ಲೆಕ್ಕದಲ್ಲಿ ಕೈಯ ವೇಗವನ್ನು ಸೆಕೆಂಡಿಗೆ 2,000 ಮಿ.ಮೀ. ಎಂದು ಹಿಡಿಯುತ್ತಾರೆ) 2,000 × 0.2, ಅಂದರೆ ಡೈಯಿಂದ 400 ಮಿ.ಮೀ. ಮುಂದೆ ಅದು ನಿಲ್ಲಬೇಕು. ಬ್ರೇಕ್ ಲೈನಿಂಗ್ ಸವೆದು ನಿಲ್ಲುವ ಹೊತ್ತು ಹೆಚ್ಚಿದಂತೆ ಆ 400 ಸಾಲದಾಗುತ್ತದೆ. ಆದ್ದರಿಂದ ನಿಲುಗಡೆಯ ಸಮಯವನ್ನು ಅಳೆದು ಬರೆದಿಡದ ಕರ್ಟನ್ ಅರ್ಧ ಕರ್ಟನ್.

ಕೀ ಕ್ಲಚ್ ಪ್ರೆಸ್ಸನ್ನು ಗಾಳಿಯ ಕ್ಲಚ್ಚಿಗೆ ಬದಲಿಸಬಹುದು, ಬದಲಿಸುವುದೇ ಒಳ್ಳೆಯದು. ಕಂಪ್ರೆಸರ್, ಜೋಡಿ ವಾಲ್ವ್, ಕ್ರ್ಯಾಂಕಿನ ತುದಿಯ ಕೆಲಸ, ಎಲ್ಲ ಸೇರಿ ಹಳೆಯ ಯಂತ್ರಕ್ಕೆ ಅದು ದೊಡ್ಡ ಖರ್ಚು. 14 ಜನರ ಶೆಡ್ಡಿನಲ್ಲಿ ಆ ತೀರ್ಮಾನ ಆಗುವ ತನಕ ಬೆರಳಿನ ರಕ್ಷಣೆಯನ್ನು ಮುಂದೂಡುವುದು ಬೇಡ.

ಗಾಯವಾದ ಮೇಲೆ ಉಳಿಯುವ ಲೆಕ್ಕ

ತುಂಡಾದ ಬೆರಳನ್ನು ಶುದ್ಧ ಬಟ್ಟೆಯಲ್ಲಿ ಸಲೈನ್‌ನಿಂದ ತೇವ ಮಾಡಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಬೇಕು. ನೇರ ಐಸ್ ಮೇಲೆ ಇಡಬಾರದು. ಇದನ್ನು ಪ್ರತಿ ಪ್ರೆಸ್ ಶಾಪಿನ ಫಸ್ಟ್ ಏಡ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿ. ಆದರೆ ಪ್ರೆಸ್ಸಿನ ಗಾಯ ಕತ್ತರಿಸಿದ ಗಾಯವಲ್ಲ, ಜಜ್ಜಿದ ಗಾಯ. ಮರಳಿ ಕೂಡಿಸುವುದು ಕಷ್ಟ.

2025ರ ನವೆಂಬರ್ ತನಕ ಜಾರಿಯಲ್ಲಿದ್ದ ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಗಳಿಕೆಯ ಶಕ್ತಿಯ ನಷ್ಟಕ್ಕೆ ಶೇಕಡಾವಾರು ಪಟ್ಟಿಯಿತ್ತು, ಇಎಸ್‌ಐನಲ್ಲೂ (ಕಾರ್ಮಿಕರ ರಾಜ್ಯ ವಿಮೆ) ಅದೇ ಬಗೆಯ ಪಟ್ಟಿ. ತೋರುಬೆರಳು ಪೂರ್ತಿ ಹೋದರೆ ಶೇ 14, ಎರಡು ಗಂಟು ಹೋದರೆ ಶೇ 11, ಒಂದು ಗಂಟು ಹೋದರೆ ಶೇ 9. ಹೆಬ್ಬೆರಳಿಗೆ ಶೇ 30. ಇಎಸ್‌ಐನಲ್ಲಿ ಶಾಶ್ವತ ಅಂಗವಿಕಲತೆಯ ಪರಿಹಾರ ಕೂಲಿಯ ಶೇ 90ರ ಮೇಲೆ ಲೆಕ್ಕವಾಗುತ್ತದೆ. ದಿನಕ್ಕೆ 700 ರೂಪಾಯಿ ದುಡಿಯುವವನಿಗೆ ಪೂರ್ತಿ ದರ 630, ಎರಡು ಗಂಟು ಹೋದದ್ದಕ್ಕೆ ಅದರ ಶೇ 11 ಎಂದರೆ 69 ರೂಪಾಯಿ 30 ಪೈಸೆ. ತಿಂಗಳಿಗೆ ಸುಮಾರು 2,080 ರೂಪಾಯಿ. ಅಂಗಿಯ ಗುಂಡಿ ಹಾಕಲು, ಸ್ಕ್ರೂ ಹಿಡಿಯಲು, ಪೆನ್ನು ಹಿಡಿಯಲು ಬೇಕಾದ ಬೆರಳಿನ ಬದಲಿಗೆ ಬರುವುದು ಇಷ್ಟು. ಅದೂ ಕಾರ್ಮಿಕನ ಹೆಸರು ಗಾಯಕ್ಕೆ ಮುನ್ನವೇ ನೋಂದಣಿಯಾಗಿದ್ದು, ಅಪಘಾತದ ವರದಿ ಫಾರಂ 12ರಲ್ಲಿ ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಸುಸೂತ್ರ. 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಮಿನಂತೆ 48 ಗಂಟೆ ಅಥವಾ ಹೆಚ್ಚು ಕೆಲಸಕ್ಕೆ ಬರಲಾಗದ ಗಾಯವನ್ನು ಇಲಾಖೆಗೂ ತಿಳಿಸಬೇಕಿತ್ತು. ಗುರುಗ್ರಾಮ, ಮಾನೇಸರ್ ಭಾಗದ ವಾಹನ ಬಿಡಿಭಾಗ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆಯ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಯಂತ್ರವೂ ಪವರ್ ಪ್ರೆಸ್ಸೇ.

ನಾಲ್ಕನೇ ದಾರಿ: ಡೈಯನ್ನೇ ಬದಲಿಸುವುದು

ಕ್ಲಚ್ ಕೆಟ್ಟರೂ, ಸ್ಪ್ರಿಂಗ್ ಮುರಿದರೂ, ಪೆಡಲಿನ ಮೇಲೆ ಯಾರದೋ ಕಾಲು ಬಿದ್ದರೂ ಬೆರಳು ಹೊರಗೇ ಇರಬೇಕು. ಅದಕ್ಕೆ ಬೇಕಾದ್ದು ಡೈ ಸುತ್ತ ಮುಚ್ಚಿದ ಗಾರ್ಡ್. ಮುಚ್ಚಿದ ಮೇಲೂ ಕೆಲಸ ಓಡಬೇಕಾದರೆ ತುಂಡು ಒಳಗೆ ಹೋಗಲು ಮತ್ತು ಪೀಸ್ ಹೊರಗೆ ಬರಲು ಕೈಯಲ್ಲದ ದಾರಿ ಬೇಕು.

ಒಳಹೋಗುವ ದಾರಿ ಮೊದಲು. ಡೈಯ ಮುಂದೆ 25.5 ಮಿ.ಮೀ. ಅಗಲದ ಒಂದು ಕಾಲುವೆ. ಆಪರೇಟರ್ ಗಾರ್ಡಿನ ಹೊರಗೆ ತುಂಡನ್ನು ಕಾಲುವೆಯಲ್ಲಿ ಇಡುತ್ತಾನೆ, 3 ಮಿ.ಮೀ. ದಪ್ಪದ ಪಟ್ಟಿಗೆ ಹಿಡಿ ಕೂರಿಸಿದ ಪುಶರ್‌ನಿಂದ ತಳ್ಳುತ್ತಾನೆ. ತುಂಡು ಹಿಂದಿನ ಸ್ಟಾಪರ್‌ಗೆ ತಾಗಿ ಡೈಯ ನಡುವೆ ನಿಲ್ಲುತ್ತದೆ. ತುಂಡಿಗೂ ಪುಶರ್‌ಗೂ ಗಾರ್ಡಿನಲ್ಲಿ 6 ಮಿ.ಮೀ. ಎತ್ತರದ ಸೀಳು ಸಾಕು. ಆ ಸೀಳಿನೊಳಗೆ ಬೆರಳು ಪಂಚಿನ ತನಕ ಹೋಗದು. ಪುಶರ್ ಹಿಂದಕ್ಕೆ ಬಂದು ತನ್ನ ಜಾಗ ಸೇರಿದ ಮೇಲಷ್ಟೇ ಪೆಡಲ್ ರಾಡು ಬಿಡುವಂತೆ ಒಂದು ಕೊಕ್ಕೆ ಜೋಡಿಸಿ. ಇದು ಬೆರಳಿಗಾಗಿ ಅಲ್ಲ, ಪುಶರ್ ಒಳಗಿರುವಾಗ ಹೊಡೆದರೆ ಪಂಚು ಒಡೆಯುತ್ತದೆ ಎಂಬುದಕ್ಕಾಗಿ.

ಹೊರಬರುವ ದಾರಿಗೆ ಹೆಚ್ಚು ತಲೆ ಓಡಿಸಬೇಕು, ಜಾಮ್ ಆಗುವುದೆಲ್ಲ ಇಲ್ಲೇ. ಬಗ್ಗಿದ ಯು ಪಂಚನ್ನು ಅಪ್ಪಿಕೊಂಡು ಮೇಲೇರುತ್ತದೆ. ಪಂಚಿನ ಎರಡು ಬದಿಗೆ ಡೈಗೆ ಕೂರಿಸಿದ ಸ್ಟ್ರಿಪ್ಪರ್ ಹುಕ್ಕುಗಳು ಅದರ ಕಾಲುಗಳನ್ನು ತಡೆದು ಬಿಡಿಸಬೇಕು. ಡೈಯೊಳಗಿನ ಸ್ಪ್ರಿಂಗ್ ಪ್ಯಾಡು ಪೀಸನ್ನು ಡೈಯ ಮೇಲ್ಮಟ್ಟಕ್ಕೆ ಎತ್ತಿ ನಿಲ್ಲಿಸಬೇಕು. ಬಹುಪಾಲು ಸಿ-ಫ್ರೇಮ್ ಪ್ರೆಸ್ಸುಗಳನ್ನು ಹಿಂದಕ್ಕೆ ವಾಲಿಸಬಹುದು. 20-25 ಡಿಗ್ರಿ ವಾಲಿಸಿದರೆ ಪೀಸು ಹಿಂದಿನ ಚ್ಯೂಟಿಗೆ ತಾನೇ ಜಾರುತ್ತದೆ, ಉಳಿದ ಕೆಲಸ ಗಾಳಿಯದು. ಕ್ರ್ಯಾಂಕಿನ ತುದಿಗೆ ಕೂರಿಸಿದ ಕ್ಯಾಮ್ ರೋಲರ್ ವಾಲ್ವನ್ನು ತೆರೆದು, ರಾಮ್ ಮೇಲೇರುವ ಕೊನೆಯ ಕಾಲು ಸುತ್ತಿನಲ್ಲಿ ಮಾತ್ರ ಗಾಳಿ ಊದುವಂತೆ ಮಾಡಿ. ಸದಾ ಊದುವ ನಳಿಕೆ ಕಂಪ್ರೆಸರನ್ನೂ ಕಿವಿಯನ್ನೂ ತಿನ್ನುತ್ತದೆ. ಹಳೆಯ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಯ ದುಡಿಮೆಗೆ ಶಬ್ದದ ಮಿತಿ 90 ಡೆಸಿಬೆಲ್ ಇತ್ತು. ಶಬ್ದ ತಗ್ಗಿಸುವ ನಳಿಕೆಯನ್ನೇ ಹಾಕಿ.

ಗಾರ್ಡಿನ ಚೌಕಟ್ಟು 25 × 25 × 3 ಮಿ.ಮೀ. ಆ್ಯಂಗಲ್, ಮುಂದಿನ ಹಾಳೆ 5 ಮಿ.ಮೀ. ಪಾಲಿಕಾರ್ಬೊನೇಟ್. ಅಕ್ರಿಲಿಕ್ ಬೇಡ, ಪೆಟ್ಟು ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟನ್ನು ಥಿನ್ನರ್‌ನಿಂದ ಒರೆಸಿದರೆ ಬಿರುಕು ಬಿಟ್ಟು ಮಂಜಾಗುತ್ತದೆ, ಮಂಜಾದ ಹಾಳೆ ವಾರದೊಳಗೆ ಗೋಡೆ ಸೇರುತ್ತದೆ. ಸೋಪಿನ ನೀರು ಸಾಕು. ಹಾಳೆಯ ಬದಲು ಸರಳು ಹಾಕುವುದಾದರೆ ಉದ್ದುದ್ದ ನಿಲ್ಲಿಸಿ, ಹೊಳಪಿಲ್ಲದ ಕಪ್ಪು ಬಳಿಯಿರಿ, ಒಳಗೊಂದು ಸಣ್ಣ ದೀಪ ಇಡಿ. ಕಣ್ಣಿಗೆ ಡೈ ಕಂಡರೆ ಗಾರ್ಡ್ ಉಳಿಯುತ್ತದೆ.

ಜಾಮ್ ಬಿಡಿಸಲು ಬದಿಯಲ್ಲಿ ಒಂದು ಕೀಲುಬಾಗಿಲು. ಬಾಗಿಲು ತೆರೆದಾಗ ಮೋಟರ್ ಆಫ್ ಆಗುವ ಸ್ವಿಚ್ ಮಾತ್ರ ಹಾಕಿ ಸುಮ್ಮನಾಗಬೇಡಿ, ಫ್ಲೈವೀಲ್ ಇನ್ನೂ ತಿರುಗುತ್ತಿರುತ್ತದೆ. ಬಾಗಿಲಿನ ಗೂಟವೇ ಪೆಡಲ್ ಲ್ಯಾಚನ್ನು ಅಡ್ಡ ಹಾಕಿ ಹಿಡಿಯಬೇಕು, ಮತ್ತು ಕ್ರ್ಯಾಂಕ್ ಮೇಲಿನ ತುದಿಯಲ್ಲಿ ನಿಲ್ಲದೆ ಬಾಗಿಲು ಬಿಚ್ಚಿಕೊಳ್ಳಬಾರದು. ಜಾಮಿನ ಮೂಲ ಬ್ಲ್ಯಾಂಕಿನ ಬರ್, ಬರ್‌ನ ಮೂಲ ತುಂಡು ಕತ್ತರಿಸುವ, ಮೊಂಡಾದ ಬ್ಲ್ಯಾಂಕಿಂಗ್ ಡೈ. ಅದನ್ನು ಹೊತ್ತಿಗೆ ಸರಿಯಾಗಿ ಸಾಣೆ ಹಿಡಿಸುವುದನ್ನು ನಾವು ಗುಣಮಟ್ಟದ ಕೆಲಸ ಎಂದುಕೊಳ್ಳುತ್ತೇವೆ; ಅದು ಸುರಕ್ಷತೆಯ ಕೆಲಸವೂ ಹೌದು.

ಮುಖ್ಯ ಮಾತು: ಈ ಗಾರ್ಡನ್ನು ಪ್ರೆಸ್ಸಿನ ಫ್ರೇಮಿಗಲ್ಲ, ಡೈ ಪ್ಲೇಟಿಗೆ ಎಂ8 ಅಲೆನ್ ಬೋಲ್ಟಿನಿಂದ ಕೂರಿಸಿ. ಡೈ ಬದಲಾದಾಗ ಗಾರ್ಡೂ ಅದರ ಜೊತೆ ರ‍್ಯಾಕಿಗೆ ಹೋಗುತ್ತದೆ, ಡೈ ಬಂದಾಗ ಅದರ ಜೊತೆಗೇ ಬರುತ್ತದೆ. ಎಲ್ಲ ಡೈಗೂ ಹೊಂದುವ ಒಂದೇ ಗಾರ್ಡ್ ಎಂದರೆ ಯಾವ ಡೈಗೂ ಹೊಂದದ ಗಾರ್ಡ್.

ನಂಬರ್ ಏನಾಗುತ್ತದೆ? ಪಿನ್ನುಗಳ ನಡುವೆ ಕಣ್ಣಿಟ್ಟು ಕೂರಿಸುವ ಹೊತ್ತು, ಪೀಸ್ ಕೀಳುವ ಹೊತ್ತು ಎರಡೂ ಹೋದವು. ತಳ್ಳುವ, ಎಳೆಯುವ ಹೊತ್ತು ಬಂತು. ಬಲಗೈ ಪುಶರ್ ಆಡಿಸುತ್ತಿರುವಾಗ ಎಡಗೈ ಮುಂದಿನ ತುಂಡನ್ನು ಎತ್ತಿಕೊಂಡಿರುತ್ತದೆ. ಜಾಮ್ ಕಡಿಮೆಯಾದರೆ 4,000 ಮುಟ್ಟಲು ಅಡ್ಡಿಯಿಲ್ಲ. ಮೊದಲ ವಾರ ಕೈ ಪಳಗುವ ತನಕ ಮಾತ್ರ ಪೀಸ್ ರೇಟನ್ನು ಬದಿಗಿಟ್ಟು ದಿನಗೂಲಿ ಕೊಡಬೇಕು. ಈ ಒಂದು ವಾರದ ಜಿಪುಣತನದಿಂದ ಒಳ್ಳೆಯ ಗಾರ್ಡೂ ಗೋಡೆ ಸೇರಬಹುದು.

ಎಲ್ಲ ಕೆಲಸಕ್ಕೂ ಪುಶರ್ ಬೇಕಿಲ್ಲ. ಉದ್ದ ಪಟ್ಟಿಯಿಂದ ವಾಷರ್ ಕತ್ತರಿಸುವಂಥ ಬ್ಲ್ಯಾಂಕಿಂಗ್ ಡೈಯಲ್ಲಿ ಸ್ಟ್ರಿಪ್ಪರ್ ಪ್ಲೇಟೇ ಸುರಂಗದಂತೆ ಮುಚ್ಚಿದರೆ ಮುಗಿಯಿತು. ಇನ್ನು ಒಂದು ಡಜನ್ ಪೀಸಿನ ಸಣ್ಣ ಆರ್ಡರಿಗೆ ಗಾರ್ಡ್ ಕಟ್ಟುವುದು ಕಷ್ಟ ಎಂಬ ಮಾತೂ ಸುಳ್ಳಲ್ಲ. ಅಂಥದ್ದನ್ನು ಕೀ ಕ್ಲಚ್ಚಿನ ಮೇಲೆ ಹಾಕದೆ ಕೈಯಿಂದ ತಿರುಗಿಸುವ ಫ್ಲೈ ಪ್ರೆಸ್ಸಿಗೆ ಕಳಿಸುವುದು ಲೇಸು. ಚಿಮಟ, ಮ್ಯಾಗ್ನೆಟ್ ಕಡ್ಡಿ ಗಾರ್ಡಿಗೆ ಪೂರಕ, ಬದಲಿಯಲ್ಲ. ಅವೂ ಅಲ್ಯೂಮಿನಿಯಂನಂಥ ಮೆತ್ತನೆಯ ಲೋಹದ್ದಾಗಿರಲಿ. ಸ್ಕ್ರೂ ಡ್ರೈವರ್ ಸಿಕ್ಕಿಬಿದ್ದರೆ ಪಂಚಿನ ಚೂರು ಕಣ್ಣಿಗೆ ಹಾರುತ್ತದೆ.

ಡೈ ಹಾಕುವವರು

ಗಾರ್ಡ್ ಇಲ್ಲದ ಹೊತ್ತು ಒಂದೇ, ಡೈ ಸೆಟ್ಟಿಂಗ್. ಮೇನ್ ಸ್ವಿಚ್ ಆಫ್, ಬೀಗ, ಬೀಗದ ಕೈ ಸೆಟ್ಟರ್ ಜೇಬಿನಲ್ಲಿ. ಫ್ಲೈವೀಲ್ ಪೂರ್ತಿ ನಿಂತಿದ್ದನ್ನು ಕಣ್ಣಾರೆ ನೋಡಬೇಕು. ಆಮೇಲೆ ರಾಮಿನ ಕೆಳಗೆ ಸುರಕ್ಷಾ ಬ್ಲಾಕ್. ರಾಮ್ ಇಳಿಸಿ ನೋಡುವಾಗ ಬ್ಲಾಕ್ ತೆಗೆದು, ಫ್ಲೈವೀಲನ್ನು ಕೈಯಿಂದಲೇ ತಿರುಗಿಸಬೇಕು, ಮೋಟರ್ ‘ಒಂಚೂರು ಕೊಟ್ಟು’ ಅಲ್ಲ. ಸೆಟ್ಟಿಂಗ್ ಮುಗಿದ ಮೇಲೆ ಗಾರ್ಡ್ ಹಾಕಿ, ತುಂಡಿಲ್ಲದೆ ಹತ್ತು ಸ್ಟ್ರೋಕ್ ಹೊಡೆದು, ಪ್ರತಿ ಸಲ ಶಾಫ್ಟ್ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ನೋಡಬೇಕು. ಬ್ರೇಕ್ ಡ್ರಮ್ಮಿನ ಮೇಲೆ ಸೀಮೆಸುಣ್ಣದ ಒಂದು ಗೆರೆ ಸಾಕು. ಗೆರೆ ಮುಂದಕ್ಕೆ ಸರಿಯತೊಡಗಿದರೆ ಯಂತ್ರ ನಿಲ್ಲಿಸಿ.

ಬ್ರಿಟನ್ನಿನ 1998ರ ನಿಯಮಗಳು ಇದನ್ನು ಕಾನೂನಿನ ಭಾಷೆಯಲ್ಲೇ ಬರೆದಿವೆ. ಡೈ ಹಾಕಿದ ಅಥವಾ ಸರಿಪಡಿಸಿದ ಪ್ರತಿ ಸಲವೂ, ಜೊತೆಗೆ ಪ್ರತಿ ಶಿಫ್ಟಿನ ಮೊದಲ ನಾಲ್ಕು ಗಂಟೆಯೊಳಗೆ, ತರಬೇತಿ ಪಡೆದವರು ಗಾರ್ಡ್ ಪರೀಕ್ಷಿಸಿ ಸಹಿ ಹಾಕಬೇಕು. ಬರೀ ಸ್ಥಿರ ಗಾರ್ಡ್ ಇರುವ ಪ್ರೆಸ್ಸಿಗೆ 12 ತಿಂಗಳಿಗೊಮ್ಮೆ, ಬೇರೆ ಬಗೆಯ ಸಾಧನವಿದ್ದರೆ 6 ತಿಂಗಳಿಗೊಮ್ಮೆ ಪೂರ್ಣ ತಪಾಸಣೆ. ಯಾರು, ಯಾವಾಗ, ಏನು ನೋಡಬೇಕು ಎಂದು ಹೇಳುವ ನಿಯಮವನ್ನು ಪಾಲಿಸುವುದು ‘ಸುರಕ್ಷಿತವಾಗಿರತಕ್ಕದ್ದು’ ಎಂಬ ನಿಯಮವನ್ನು ಪಾಲಿಸುವುದಕ್ಕಿಂತ ಸುಲಭ.

ಪ್ರಾಯೋಗಿಕವಲ್ಲ ಎಂಬ ವಾದದ ಹಳೆಯ ದಾಖಲೆ

ಡೈಯೊಳಗೆ ಕೈ ಹೋಗಲೇಬಾರದು ಎಂಬ ನಿಯಮವನ್ನು ಅಮೆರಿಕ 1971ರಲ್ಲೇ ತಂದಿತ್ತು. ಹಳೆಯ ಯಂತ್ರಗಳನ್ನು ಬದಲಿಸಲು ಕಾಲಾವಕಾಶವನ್ನೂ ಕೊಟ್ಟಿತ್ತು. ಎಲ್ಲ ಬಗೆಯ ಕೆಲಸಕ್ಕೆ ಇದು ಸಾಧ್ಯವಿಲ್ಲ ಎಂದು ಉದ್ಯಮ ವಾದಿಸಿತು, 1974ರಲ್ಲಿ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಕಾರ್ಮಿಕ ಒಕ್ಕೂಟ ಕೋರ್ಟಿಗೆ ಹೋಯಿತು. 1975ರ ತೀರ್ಪು ಆರ್ಥಿಕ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದಿತು. ಕೈ ಒಳಗೆ ಹೋಗಬಹುದು, ಆದರೆ ಕಾಯುವ ಸಾಧನವಿರಬೇಕು ಎಂಬಲ್ಲಿಗೆ ಅಲ್ಲಿನ ನಿಯಮ ನಿಂತಿತು. ಎಲ್ಲ ಕೆಲಸಕ್ಕೂ ಸಾಧ್ಯವಿಲ್ಲ ಎಂಬುದನ್ನು ಒಪ್ಪೋಣ. ಆದರೆ ಈ ಯು ಕ್ಲ್ಯಾಂಪಿಗೆ ಸಾಧ್ಯವಿದೆ ಎಂದು ಮೇಲಿನ ಲೆಕ್ಕ ತೋರಿಸುತ್ತದೆ. ಪ್ರಶ್ನೆಯನ್ನು ಪ್ರೆಸ್ಸಿಗೆ ಕೇಳಬಾರದು, ಒಂದೊಂದು ಡೈಗೂ ಬೇರೆ ಬೇರೆ ಕೇಳಬೇಕು.

ನಮ್ಮಲ್ಲಿ ಈಗ ಇನ್ನೊಂದು ತಿರುವು. ಕರೆಂಟು ಬಳಸುವ ಜಾಗದಲ್ಲಿ 10 ಜನರಿದ್ದರೆ 1948ರ ಕಾಯ್ದೆಯ ಪ್ರಕಾರ ಅದು ಕಾರ್ಖಾನೆಯಾಗಿತ್ತು. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಆ ಮಿತಿ 20. ನಮ್ಮ 14 ಜನರ ಶೆಡ್ಡು ಈಗ ಕಾರ್ಖಾನೆ ಎಂಬ ವ್ಯಾಖ್ಯೆಯ ಹೊರಗೆ, 10 ಅಥವಾ ಹೆಚ್ಚು ಜನರ ಸಂಸ್ಥೆ ಎಂಬ ವ್ಯಾಖ್ಯೆಯ ಒಳಗೆ. ಸುರಕ್ಷಿತ ಜಾಗ ಕೊಡುವ ಸಾಮಾನ್ಯ ಹೊಣೆ ಹೋಗಿಲ್ಲ. ಆದರೆ ‘ನಾವು ಫ್ಯಾಕ್ಟರಿ ಅಲ್ಲವಂತೆ’ ಎಂಬ ಮಾತು ಗಾರ್ಡ್ ಬಿಚ್ಚಲು ಸಿಗುವ ಹೊಸ ನೆಪವಾದೀತು ಎಂಬ ಆತಂಕ ನಿಜವಾದದ್ದು. ಇಂಥ ಸಣ್ಣ ಶೆಡ್ಡುಗಳಿಗೆ ಪೀಸು ಮಾಡಿಸುವ ದೊಡ್ಡ ಕಂಪನಿಗಳು ಡೈಯನ್ನು ಸಾಮಾನ್ಯವಾಗಿ ತಾವೇ ಕೊಡುತ್ತವೆ. ಡೈ ಡ್ರಾಯಿಂಗ್ ಒಪ್ಪಿ ಸಹಿ ಹಾಕುವ ಹಾಳೆಯಲ್ಲಿ ಪುಶರ್, ಸ್ಟ್ರಿಪ್ಪರ್ ಹುಕ್ಕು ಮತ್ತು ಗಾರ್ಡ್ ಇರಲೇಬೇಕೆಂದು ಅವರು ಬರೆದರೆ, ಆಡಿಟ್ ದಿನ ಸೆನ್ಸರ್ ದೀಪ ಹುಡುಕುವ ಅಗತ್ಯವಿರುವುದಿಲ್ಲ. ಟೂಲ್ ರೂಮಿನ ರ‍್ಯಾಕಿಗೆ ಹೋಗಿ, ಡೈ ನಂಬರಿನ ಪಕ್ಕದಲ್ಲೇ ಅದೇ ನಂಬರ್ ಕೊರೆದ ಗಾರ್ಡ್ ಇದೆಯೇ ಎಂದು ನೋಡಿದರೆ ಆಯಿತು.